ಮೋನಪ್ಪಾಚಾರರು ಹಗುರ ಮಾಡಿಕೊಟ್ಟ ಕುದುರೆ

ಬೇಲೂರು, ಹಳೇಬೀಡು, ಹಗರೆಯ ಕಡೆ ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿರುವ ಬೇಸಾಯಗಾರರು ಇಂದಿಗೂ ಇದ್ದಾರೆ. ಹಂದಿಯ ಹಿಂಡು ಮುಸುಕಿನ ಜೋಳಕ್ಕೆ ನುಗ್ಗಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸಿ ಬೆದರಿಸುವುದು ಅವರ ಕ್ರಮ. ಆ ಕೋವಿ ಕೆಟ್ಟಾಗ ಅದನ್ನು ಎಲ್ಲೆಂದರಲ್ಲಿ ಕೊಟ್ಟು ಸರಿಮಾಡಿಸುವಂತಿಲ್ಲ. ಇಟ್ಟುಕೊಂಡವನಿಗೆ ಪರವಾನಗಿ ಬೇಕಾದಂತೆಯೇ ರಿಪೇರಿ ಮಾಡುವವನಿಗೂ ಜಿಲ್ಲಾಧಿಕಾರಿಗಳ ಪರವಾನಗಿ ಬೇಕು. ಅಂತಹ ಪರವಾನಗಿಯೊಂದು ಮೂರು ತಲೆಮಾರಿನಿಂದ ಮೋನಪ್ಪಾಚಾರರ ಮನೆತನದಲ್ಲಿದೆ.

ಮೋನಪ್ಪಾಚಾರರ ಮನೆ ಹಳೇಬೀಡಿನಲ್ಲಿ, ಅಂಗಡಿ ಬೇಲೂರಿನಲ್ಲಿ. ಬೆಳಗ್ಗೆ ಎಂಟೂವರೆಯ ಬಸ್ಸಿಗೆ ಹೋಗಿ ಸಂಜೆ ಆರರ ಬಸ್ಸಿಗೆ ಮರಳುವುದು ಅವರ ದಿನಚರಿ. ಅಂಗಡಿಯೆಂದರೆ ಮುಂದೆ ಹತ್ತು ಅಡಿಯ ಒಂದು ಕೋಣೆ, ಹಿಂದೆ ಕುಲುಮೆ. ಕೋಣೆಯಲ್ಲಿ ಬೀಗ ಹಾಕಿದ ಕಬ್ಬಿಣದ ಬೀರು, ಗೋಡೆಯ ಮೇಲೆ ಕಟ್ಟು ಹಾಕಿಸಿದ ಪರವಾನಗಿ, ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು. ಯಾರ ಕೋವಿ, ಯಾವ ದಿನ ಬಂತು, ಅದರ ನಂಬರೇನು, ಏನು ಕೆಟ್ಟಿತ್ತು, ಎಂದು ಹೋಯಿತು ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕು. ನಾನು ಮೇಷ್ಟ್ರಾಗಿದ್ದ ಮಾಧ್ಯಮಿಕ ಶಾಲೆಯಲ್ಲಿ ಅವರು ನನ್ನ ಬಳಿ ಓದಿದವರು. ಅಕ್ಷರಗಳನ್ನು ಬರೆಯುವುದಿಲ್ಲ, ಉಳಿ ಹಿಡಿದು ಕೊರೆಯುತ್ತಾರೆ ಎನ್ನುವಷ್ಟು ನಿಧಾನ. ರಿಜಿಸ್ಟರಿನಲ್ಲಿ ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ.

ಅವರ ಕೆಲಸದ ಒಂದು ಪದ್ಧತಿಯನ್ನು ಇಲ್ಲಿಯೇ ಹೇಳಬೇಕು. ನಮ್ಮ ಕಡೆಯ ಕುಲುಮೆಗಳಲ್ಲಿ ಸವೆದ ನೇಗಿಲ ಗುಳವನ್ನು ತಂದುಕೊಟ್ಟರೆ ಆಚಾರರು ಅದನ್ನು ಮೂಲೆಗೆಸೆದು ಹೊಸದನ್ನು ಕೊಡುವುದಿಲ್ಲ. ಹಳೆಯದನ್ನು ಕಾಯಿಸಿ, ಅದಕ್ಕೆ ಹೊಸ ಉಕ್ಕಿನ ತುಂಡು ಸೇರಿಸಿ, ಎರಡನ್ನೂ ಬಡಿದು ಒಂದು ಮಾಡಿ ಕೊಡುತ್ತಾರೆ. ಇದಕ್ಕೆ ಹಣಿಯುವುದು ಎಂದು ಹೆಸರು. ಹತ್ತು ಸಲ ಹಣಿದ ಗುಳದಲ್ಲಿ ಮೊದಲಿನ ಕಬ್ಬಿಣ ಎಷ್ಟು ಉಳಿದಿರುತ್ತದೆಯೋ ದೇವರೇ ಬಲ್ಲ. ಆದರೂ ಅದು ಅಜ್ಜನ ಕಾಲದ ಗುಳವೇ. ಗಿರಾಕಿಯ ಕಬ್ಬಿಣವನ್ನು ಹೊರಗೆ ಹಾಕುವುದು ಆ ಮನೆಗೆ ಒಳ್ಳೆಯದಲ್ಲ ಎಂಬ ನಂಬಿಕೆಯೂ ಇದೆ. ಮೋನಪ್ಪಾಚಾರರು ಕುಡುಗೋಲಿಗೆ ಮಾಡಿದ್ದನ್ನೇ ಕೋವಿಗೂ ಮಾಡುತ್ತಿದ್ದರು. ಮುರಿದ ಸಣ್ಣ ಭಾಗವನ್ನು ಹೊಸ ಉಕ್ಕಿನೊಡನೆ ಬೆಸೆದು ಅದೇ ಜಾಗಕ್ಕೆ ಕೂರಿಸುವುದು, ರಿಜಿಸ್ಟರಿನಲ್ಲಿ ‘ರಿಪೇರಿ’ ಎಂದು ಬರೆಯುವುದು. ಅವರ ತಂದೆ ಹಾಗೆ ಮಾಡುತ್ತಿದ್ದರು, ತಾತನೂ ಹಾಗೆಯೇ.

ಹಗರೆಯ ತಿಮ್ಮಯ್ಯನವರು ಅವರ ಹಳೆಯ ಗಿರಾಕಿ. ಮೂರು ಎಕರೆ ಜೋಳ, ಒಂದಿಷ್ಟು ರಾಗಿ, ನಾಲ್ಕು ಕರೆಯುವ ಹಸು. ಅವರಲ್ಲಿ ತಂದೆಯಿಂದ ಬಂದ ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಎರಡು ಸಾವಿರದ ಇಪ್ಪತ್ತೆರಡರ ದೀಪಾವಳಿ ಕಳೆದ ಮೇಲೆ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ತೋರುಬೆರಳು ಬುಡದ ಗೆಣ್ಣಿನವರೆಗೆ ಹೋಯಿತು. ಗಾಯ ಮಾಗಿದ ಮೇಲೆ ಕೋವಿಯನ್ನು ಹೆಗಲಿಗೇರಿಸಿಕೊಂಡು ಬೇಲೂರಿಗೆ ಬಂದರು.

“ಕುದುರೆ ಒಂದು ಕಡೆ ಸೀಳು ಬಿಟ್ಟೈತೆ ಆಚಾರ್ರೆ. ಸರಿ ಮಾಡಿಕೊಡಿ. ಹಂಗೇ ವಸಿ ಹಗುರ ಮಾಡಿ” ಎಂದರು. ಬೆರಳಿನಿಂದ ಎಳೆಯುವ ಕೊಂಡಿಗೆ ನಮ್ಮ ಕಡೆ ಕುದುರೆ ಎನ್ನುತ್ತಾರೆ. ಕಾಗದಪತ್ರಗಳಲ್ಲಿ ಅದೇ ಟ್ರಿಗರ್.

“ಯಾಕ್ ಗೌಡ್ರೆ, ಇಷ್ಟು ವರ್ಷ ಭಾರ ಆಗಿರಲಿಲ್ವ?”

ತಿಮ್ಮಯ್ಯನವರು ಕೈಯನ್ನು ಮೇಜಿನ ಮೇಲಿಟ್ಟರು. “ನಡೂಬೆರಳಲ್ಲಿ ಎಳೀಬೇಕು ಈಗ. ಶಕ್ತಿನೇ ಸಾಲಲ್ಲ. ನಾನು ಎಳೆಯೋ ಹೊತ್ತಿಗೆ ಹಂದಿ ಜೋಳ ಮುಗಿಸಿ ಕೈ ತೊಳ್ಕೊಂಡು ಹೋಗಿರ್ತಾವೆ.”

ಮೋನಪ್ಪಾಚಾರರು ನಕ್ಕರು. ಸೀಳಿದ ಕುದುರೆಯನ್ನು ಬಿಚ್ಚಿ, ಕಾಯಿಸಿ, ಹೊಸ ಉಕ್ಕು ಸೇರಿಸಿ ಬಡಿದರು. ನಡುಬೆರಳು ಕೂರುವಂತೆ ತುಸು ಅಗಲ ಮಾಡಿದರು. ಕುದುರೆಯ ತುದಿ ಒಳಗಿನ ಕಚ್ಚಿಗೆ ಸಿಕ್ಕಿಕೊಳ್ಳುವ ಜಾಗವನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿದರು. ಯಾವ ಕೋವಿಯನ್ನಾದರೂ ಹಿಂದಕ್ಕೆ ಕೊಡುವ ಮೊದಲು ಅದರ ನಳಿಗೆಯನ್ನು ಮೇಲಕ್ಕೆ ಮಾಡಿ, ಕುದುರೆಗೆ ಕೊಕ್ಕೆ ಸಿಕ್ಕಿಸಿ, ಎರಡು ಕಿಲೋ ತೂಕದ ಬಟ್ಟನ್ನು ತೂಗುಬಿಡುವುದು ಅವರ ಪರೀಕ್ಷೆ. ಅಷ್ಟು ಭಾರಕ್ಕೆ ಕುದುರೆ ಜಗ್ಗಬಾರದು. ತಿಮ್ಮಯ್ಯನವರ ಕೋವಿಗೆ ಮಾತ್ರ ಅಂದು ಒಂದು ಕಿಲೋ ಬಟ್ಟು ತೂಗಿಸಿದರು. ತಡೆಯಿತು. ‘ಕುದುರೆ ರಿಪೇರಿ’ ಎಂದು ಬರೆದು ಕೊಟ್ಟು ಕಳುಹಿಸಿದರು.

ಇದಾದ ಒಂದು ವರ್ಷದ ಮೇಲೆ, ಇಪ್ಪತ್ನಾಲ್ಕರ ಸಂಕ್ರಾಂತಿಯ ಹೊತ್ತಿಗೆ, ಅರಸೀಕೆರೆಯಿಂದ ರಾಜಶೇಖರ್ ಎಂಬವರು ಅಂಗಡಿಗೆ ಬಂದರು. ಕೊಬ್ಬರಿ ಮಂಡಿಯ ಮನೆತನ, ಗುರಿ ಹೊಡೆಯುವ ಹವ್ಯಾಸ, ಪರವಾನಗಿಯುಳ್ಳ ರೈಫಲು. ಕೈಯಲ್ಲಿ ಕೊರಿಯರಿನಲ್ಲಿ ಬಂದ ಒಂದು ಪೊಟ್ಟಣ. ಅದರಲ್ಲಿ ಬೇರೆ ಯಾರೋ ತಯಾರಿಸಿದ ಹೊಳೆಯುವ ಒಂದು ಟ್ರಿಗರ್.

“ಇದನ್ನ ಕೂರಿಸಿಕೊಡಿ ಆಚಾರ್ರೆ. ಹೂ ಮುಟ್ಟಿದ ಹಾಗೆ ಮುಟ್ಟಿದ್ರೆ ಸಾಕು.”

“ರೈಫಲ್ ಮಾಡಿದ ಕಂಪನಿದಾ ಇದು?”

“ಅಲ್ಲ. ಬೇರೆಯವರದು. ಎಲ್ರೂ ಹಾಕಿಸ್ಕೊಳ್ತಾರೆ ಕಣ್ರೀ.”

“ಎಲ್ರೂ ಎಲ್ಲಿ ಹಾಕಿಸ್ಕೊಂಡ್ರೋ ಅಲ್ಲಿಗೇ ಹೋಗಿ ಸ್ವಾಮಿ. ಹೂ ಮುಟ್ಟಿದಂಗೆ ಹಾರೋ ಕೋವಿ ಹೂ ಕೀಳೋಕೆ ಸರಿ. ನನ್ನ ಪರವಾನಗೀಲಿ ರಿಪೇರಿ ಅಂತ ಐತೆ, ಬದಲಾಯಿಸು ಅಂತ ಇಲ್ಲ.”

ರಾಜಶೇಖರ್ ಅಸಮಾಧಾನದಿಂದಲೇ ಹೋದರು. ಮೋನಪ್ಪಾಚಾರರು ಈ ಸಂಗತಿಯನ್ನು ನನಗೆ ಹೇಳಿ ತೃಪ್ತಿಪಟ್ಟುಕೊಂಡದ್ದು ನನಗೆ ನೆನಪಿದೆ. ಇಂತಹ ಹೊರಗಿನ ಟ್ರಿಗರುಗಳು ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿದ್ದು, ಕೋವಿಗಳನ್ನು ಠೇವಣಿ ಮಾಡಿಸಿಕೊಳ್ಳುವಾಗ ಗಮನವಿಟ್ಟು ನೋಡಬೇಕೆಂದು ಪೊಲೀಸರಿಗೆ ಸುತ್ತೋಲೆ ಬಂದಿತ್ತಂತೆ. ಅದು ನಮಗೆ ಆಮೇಲೆ ತಿಳಿಯಿತು.

ಚುನಾವಣೆ ಬಂದಾಗಲೆಲ್ಲ ಕೋವಿಗಳನ್ನು ಠಾಣೆಗೆ ಒಪ್ಪಿಸಿ ರಸೀತಿ ಪಡೆಯುವುದು ಇಲ್ಲಿ ಎಲ್ಲರಿಗೂ ರೂಢಿ. ಆ ವರ್ಷ ಲೋಕಸಭೆಯ ಚುನಾವಣೆಗೆ ತಿಮ್ಮಯ್ಯನವರೂ ಸೊಸೆ ಸೌಂದರ್ಯಳನ್ನು ಜೊತೆಗೆ ಕರೆದುಕೊಂಡು ಹೋಗಿ ಕೋವಿಯನ್ನು ಒಪ್ಪಿಸಿದರು. ಠಾಣೆಯಲ್ಲಿ ಜಿಲ್ಲಾ ಮೀಸಲು ಪಡೆಯಿಂದ ಬಂದಿದ್ದ ಹವಾಲ್ದಾರರೊಬ್ಬರು ಒಂದೊಂದೇ ಕೋವಿಯನ್ನು ಬಿಚ್ಚಿ, ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ತೋಟಾಕ್ಕೆ ಬಡಿದು ಗುಂಡು ಹಾರಿಸುವ ಕೀಲನ್ನು ಹಿಂದಕ್ಕೆಳೆದು ನೋಡುತ್ತಿದ್ದರು. ತಿಮ್ಮಯ್ಯನವರ ಕೋವಿಯ ಕೀಲನ್ನು ಹಾಗೆಯೇ ಎಳೆದು, ಹಿಡಿಯ ಬುಡವನ್ನು ನೆಲಕ್ಕೆ ಊರಿದರು. ಯಾರೂ ಕುದುರೆಯನ್ನು ಮುಟ್ಟಿರಲಿಲ್ಲ. ಕೀಲು ಟಕ್ಕೆಂದು ಬಡಿಯಿತು.

ಹವಾಲ್ದಾರರು ಇನ್ನೊಮ್ಮೆ ಊರಿದರು. ಮತ್ತೆ ಬಡಿಯಿತು.

“ಯಜಮಾನ್ರೆ, ಒಳಗೆ ತೋಟಾ ಇದ್ದಿದ್ರೆ?” ಎಂದು ಕೇಳಿದರು. ತಿಮ್ಮಯ್ಯನವರು ಬೇಲೂರಿನಲ್ಲಿ ರಿಪೇರಿ ಮಾಡಿಸಿದ್ದನ್ನು ಹೇಳಿದರು. ಕುದುರೆ ಹಳೆಯ ಮಾದರಿಯದಲ್ಲ, ಅಗಲವಾಗಿದೆ, ಉಕ್ಕು ಹೊಸದು ಎಂದೆಲ್ಲ ಹವಾಲ್ದಾರರು ಬರೆದುಕೊಂಡರು. ಸುತ್ತೋಲೆ ಮೊದಲೇ ಅವರ ತಲೆಯಲ್ಲಿತ್ತು.

ಜೂನ್ ತಿಂಗಳಲ್ಲಿ ಮೋನಪ್ಪಾಚಾರರಿಗೆ ಜಿಲ್ಲಾಧಿಕಾರಿಗಳ ಕಚೇರಿಯಿಂದ ನೋಟೀಸು ಬಂದಿತು. ತಿಮ್ಮಯ್ಯನವರಿಗೂ ಅದರ ಒಂದು ಪ್ರತಿ. ನೋಟೀಸಿನಲ್ಲಿ ಮೂರು ಪ್ರಶ್ನೆಗಳಿದ್ದವು. ತೆಗೆದ ಹಳೆಯ ಟ್ರಿಗರನ್ನು ಏಕೆ ಹಾಜರುಪಡಿಸಿಲ್ಲ? ರಿಪೇರಿಯ ಪರವಾನಗಿ ಇಟ್ಟುಕೊಂಡು ಹೊಸ ಭಾಗವನ್ನು ತಯಾರಿಸಿದ್ದು ಹೇಗೆ? ಅಪಾಯಕರವಾಗಿ ಹಗುರ ಮಾಡಿದ್ದು ಏಕೆ? ಸಮಾಧಾನಕರ ಉತ್ತರ ಬಾರದಿದ್ದಲ್ಲಿ ಪರವಾನಗಿಯನ್ನು ರದ್ದುಪಡಿಸಲಾಗುವುದು ಎಂದಿತ್ತು. ಕುದುರೆಯನ್ನು ಬಿಚ್ಚಿ ಪರೀಕ್ಷೆಗೆ ಪ್ರಯೋಗಾಲಯಕ್ಕೆ ಕಳುಹಿಸಿದ್ದರು.

ಪರವಾನಗಿ ಹೋದರೆ ಅಂಗಡಿ ಹೋದಂತೆ. ಒಮ್ಮೆ ರದ್ದಾದದ್ದು ಮತ್ತೆ ಸಿಕ್ಕುವುದು ಸುಲಭವಲ್ಲ. ಮೋನಪ್ಪಾಚಾರರಿಗೆ ಆಗ ಐವತ್ತೇಳು ವರ್ಷ. ಬೇರೆ ಕಸುಬು ಬರುವುದಿಲ್ಲ ಎಂದಲ್ಲ, ಕುಡುಗೋಲು ಹಣಿದು ಬದುಕಬಹುದು. ಆದರೆ ಕೋವಿಯ ಒಳಗಿನ ಕೆಲಸ ಅವರ ಪ್ರಾಣ. ಹೆಂಡತಿ ಕಮಲಾಕ್ಷಮ್ಮನವರು ಜಾವಗಲ್ಲಿನ ಕಡೆಯವರು, ಮಾತು ನೇರ. “ಅರಸೀಕೆರೆಯವರಿಗೆ ಅಷ್ಟು ದೊಡ್ಡ ಕಾನೂನು ಹೇಳ್ದೋರು ನೀವೇ ಅಲ್ವ?” ಎಂದು ಕೇಳಿದರು.

“ಅದು ಬೇರೆ, ಇದು ಬೇರೆ ಕಣೆ.”

“ಏನ್ ಬೇರೆ? ಅದು ಪೊಟ್ಟಣದಲ್ಲಿ ಬಂತು, ಇದು ಕುಲುಮೇಲಿ ಬಂತು. ಎರಡೂ ಹಗುರನೇ ತಾನೆ?”

ಈ ಮಾತನ್ನು ಮೋನಪ್ಪಾಚಾರರೇ ನನಗೆ ಹೇಳಿದರು.

ಬೇಲೂರಿನ ವಕೀಲೆ ಪುಷ್ಪಲತಾ ಅವರು ಪ್ರಕರಣವನ್ನು ವಹಿಸಿಕೊಂಡರು. ಚುರುಕಾದ ಹೆಣ್ಣುಮಗಳು. ಕಾಗದಗಳನ್ನೆಲ್ಲ ಓದಿ, ಮೊದಲ ಎರಡು ಪ್ರಶ್ನೆಗಳಿಗೆ ಹಣಿಯುವ ಪದ್ಧತಿಯನ್ನೇ ಉತ್ತರವಾಗಿ ಕೊಡೋಣ ಎಂದರು. ಮೂರನೆಯದೇ ತೊಡಕಿನದು.

“ಸವೆದು ಹಗುರ ಆಯ್ತು ಅಂತ ಬರೆಯೋಣ ಆಚಾರ್ರೆ. ಒಂದೂವರೆ ವರ್ಷ ಬಳಕೆ ಆಗಿದೆ. ನೀವು ಕೊಟ್ಟಾಗ ಸರಿಯಾಗಿತ್ತು, ಆಮೇಲೆ ಉಜ್ಜಿ ಉಜ್ಜಿ ಸವೀತು. ಯಾರ ತಪ್ಪೂ ಇಲ್ಲ. ನಿಮ್ಮ ಪರವಾನಗಿನೂ ಉಳಿಯತ್ತೆ, ತಿಮ್ಮಯ್ಯನವರದೂ ಉಳಿಯತ್ತೆ.”

“ಒಂದೂವರೆ ವರ್ಷಕ್ಕೆ ಸವೆಯೋ ಉಕ್ಕು ನಾನು ಹಾಕಲ್ಲ ಮೇಡಂ.”

“ನೀವು ಹಾಕಲ್ಲ ಅಂತ ನಂಗೊತ್ತು. ಅವರಿಗೆ ಗೊತ್ತಿಲ್ಲವಲ್ಲ.”

ವಿಚಾರಣೆಯ ಹಿಂದಿನ ದಿನ ಮೋನಪ್ಪಾಚಾರರು ವಕೀಲರು ಬರೆದುಕೊಟ್ಟ ಹೇಳಿಕೆಯ ಕರಡನ್ನು ಹಿಡಿದುಕೊಂಡು ನನ್ನ ಮನೆಗೆ ಬಂದರು. ಭಾಷೆ ಸರಿಯಿದೆಯೇ ನೋಡಿ ಎಂದರು. ಭಾಷೆ ಚೆನ್ನಾಗಿಯೇ ಇತ್ತು. “ಇದ್ರಲ್ಲಿ ಒಂದು ಮಾತು ನಂದಲ್ಲ ಮೇಷ್ಟ್ರೆ” ಎಂದು ಸವೆತದ ಸಾಲನ್ನು ತೋರಿಸಿದರು. ನಾನು, “ಮೋನಪ್ಪ, ವಕೀಲರು ಹೇಳಿದಂತೆ ಕೇಳು. ಅವರು ತಿಳಿದವರು” ಎಂದೆ. ನಾನು ಕೊಟ್ಟ ಸಲಹೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವರು ತಲೆಯಾಡಿಸಿ, ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಸಹಿ ಹಾಕಿರಲಿಲ್ಲ.

ಮಾರನೆಯ ದಿನ ಹಾಸನದ ಕಚೇರಿಯಲ್ಲಿ ವಿಚಾರಣೆ. ನಾನೂ ಜೊತೆಗೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ತಿಮ್ಮಯ್ಯನವರು, ಸೌಂದರ್ಯ, ನಾವು ಇಬ್ಬರು. ಮೋನಪ್ಪಾಚಾರರು ತಿಮ್ಮಯ್ಯನವರ ಕಡೆಗೆ ಸರಿದು ಕುಳಿತರು.

“ಗೌಡ್ರೆ, ಇದ್ದದ್ದು ಇದ್ದಂಗೆ ಹೇಳಿದ್ರೆ ನಿಮ್ ಕೋವಿಗೂ ಕುತ್ತು ಬತ್ತದೆ.”

“ಹೇಳಿ. ನಾನೇ ಕೇಳಿದ್ದು ಅಂತ ಹೇಳಿ. ಬೆರಳು ಬೇಕಾದ್ರೆ ತೋರಿಸ್ತೀನಿ.”

“ಮಾವ, ಬೆರಳು ತೋರಿಸೋಕೆ ಏನೂ ಉಳಿದಿಲ್ಲ” ಎಂದಳು ಸೌಂದರ್ಯ. ತಿಮ್ಮಯ್ಯನವರು ಕೆಮ್ಮುವಷ್ಟು ನಕ್ಕರು. ಮತ್ತೆ ಅವಳೇ, “ಅವತ್ತು ಠಾಣೇಲಿ ಅದು ಬಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ ಆಚಾರ್ರೆ. ಮನೇಲಿ ಅದನ್ನ ಬಾಗಿಲ ಸಂದೀಲಿ ಒರಗಿಸ್ತಿದ್ರು. ಪಾಪು ಅಲ್ಲೇ ಓಡಾಡೋದು” ಎಂದಳು. ದೂರುವ ಧ್ವನಿಯಿರಲಿಲ್ಲ. ಮೋನಪ್ಪಾಚಾರರು ಅವಳ ಮುಖವನ್ನು ನೋಡಿ ಕಣ್ಣು ತಗ್ಗಿಸಿದರು.

ವಿಚಾರಣೆ ನಡೆಸಿದ ಅಧಿಕಾರಿ ಮಹಿಳೆ. ಮೇಜಿನ ಮೇಲೆ ಪ್ರಯೋಗಾಲಯದ ವರದಿ ಇತ್ತು. ಹವಾಲ್ದಾರರು ಕೋವಿಯನ್ನು ಹಿಡಿದು ಒಂದು ಬದಿಗೆ ನಿಂತಿದ್ದರು. ಪರೀಕ್ಷೆ ಮುಗಿದ ಕುದುರೆಯನ್ನು ಮತ್ತೆ ಅದರಲ್ಲಿಯೇ ಕೂರಿಸಿದ್ದರು.

“ತೆಗೆದ ಹಳೆಯ ಟ್ರಿಗರ್ ಎಲ್ಲಿ?” ಎಂದು ಅಧಿಕಾರಿಗಳು ಕೇಳಿದರು.

“ಅದರೊಳಗೇ ಐತೆ ತಾಯಿ.”

ಗುಮಾಸ್ತರೊಬ್ಬರು ನಕ್ಕರು. ಮೋನಪ್ಪಾಚಾರರು ಗುಳ ಹಣಿಯುವುದನ್ನು ವಿವರಿಸಿದರು. ಹಳೆಯದನ್ನು ಎಸೆಯುವುದಿಲ್ಲ, ಹೊಸದರಲ್ಲಿ ಸೇರಿಸುತ್ತೇವೆ, ಉಜ್ಜಿ ನುಣುಪು ಮಾಡಿ ಆಸಿಡ್ ಹಾಕಿದರೆ ಎರಡು ಬಣ್ಣದ ಗೆರೆ ಕಾಣುತ್ತದೆ ಎಂದರು. ಅಧಿಕಾರಿಗಳು ವರದಿಯ ಪುಟವನ್ನು ಮಗುಚಿ ನೋಡಿದರು. ಎರಡು ಬಗೆಯ ಲೋಹವನ್ನು ಬೆಸೆದ ಗುರುತಿದೆ, ಅದರಲ್ಲಿ ಒಂದು ಬಹಳ ಹಳೆಯದು ಎಂದು ಅಲ್ಲಿಯೂ ಬರೆದಿತ್ತು.

“ನಮ್ಮೂರಲ್ಲೂ ಕುಲುಮೆ ಇತ್ತು, ಹಣಿಯೋದು ನಾನೂ ನೋಡಿದ್ದೀನಿ. ಆದರೆ ಗುಳ ಕೆಟ್ಟರೆ ಉಳುಮೆ ಕೆಡತ್ತೆ, ಅಷ್ಟೆ. ಇದು ಕೆಟ್ಟರೆ ಜೀವ ಹೋಗತ್ತೆ ಆಚಾರ್ರೆ” ಎಂದರು ಅಧಿಕಾರಿಗಳು. ಬಳಿಕ ಹವಾಲ್ದಾರರಿಗೆ ಹೇಳಿ ಅಲ್ಲಿಯೇ ತೂಕ ಹಾಕಿಸಿದರು. ಒಂದು ಕಿಲೋ ತಡೆಯಿತು. ಅದರ ಮೇಲೆ ಇನ್ನೂರು ಗ್ರಾಂ ಸೇರಿಸುತ್ತಲೇ ಕೀಲು ಬಡಿಯಿತು.

“ಇದು ಸವೆತದಿಂದ ಆಗಿದ್ದು ಅಂತ ನಿಮ್ಮ ವಕೀಲರು ಹೇಳ್ತಿದ್ದಾರೆ. ಹೌದಾ?”

ಪುಷ್ಪಲತಾ ಅವರು ಮೋನಪ್ಪಾಚಾರರ ಕಡೆ ನೋಡಿದರು. ನಾನೂ ನೋಡಿದೆ.

“ಅಲ್ಲ ತಾಯಿ. ಕೊಟ್ಟಾಗಲೇ ಅಷ್ಟೇ ಇತ್ತು. ಎರಡು ಕಿಲೋ ತೂಗಿಸಿ ಕೊಡೋದು ನಮ್ಮ ಮನೆ ಪದ್ಧತಿ. ಗೌಡ್ರ ಬೆರಳು ನೋಡಿ ಒಂದಕ್ಕೇ ಬಿಟ್ಟೆ. ಕೋವಿ ಊರಿ ನೋಡಲಿಲ್ಲ. ಊರಿ ನೋಡಿದ್ರೆ ಅವತ್ತೇ ಗೊತ್ತಾಗೋದು. ಉಕ್ಕಿನ ತಪ್ಪಲ್ಲ, ನಂದು.”

ಪುಷ್ಪಲತಾ ಅವರು ಕಡತವನ್ನು ಮುಚ್ಚಿದರು. ತಿಮ್ಮಯ್ಯನವರು ಎದ್ದು ನಿಂತು, ತಾನೇ ಕೇಳಿ ಮಾಡಿಸಿಕೊಂಡದ್ದೆಂದು ಹೇಳಿದರು. ಅಧಿಕಾರಿಗಳು ಎಲ್ಲವನ್ನೂ ಬರೆಯಿಸಿಕೊಂಡು ಕಳುಹಿಸಿದರು.

ಹೊರಗೆ ಬಂದ ಮೇಲೆ ಪುಷ್ಪಲತಾ ಅವರು, “ನಿಮ್ಮ ಪರವಾಗಿ ನಾನು ಬಂದಿದ್ದಾ, ಉಕ್ಕಿನ ಪರವಾಗಿ ಬಂದಿದ್ದಾ ಆಚಾರ್ರೆ?” ಎಂದರು.

“ಉಕ್ಕಿಗೆ ಬಾಯಿಲ್ಲವಲ್ಲ ಮೇಡಂ” ಎಂದರು ಮೋನಪ್ಪಾಚಾರರು. ಹಗರೆಯವರೆಗೆ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಲೇ ಕುಳಿತರು. ನಾನು ಕೊಟ್ಟಿದ್ದ ಸಲಹೆಯ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಗಸ್ಟಿನಲ್ಲಿ ಆದೇಶ ಬಂದಿತು. ಹಳೆಯ ಲೋಹವನ್ನು ಉಳಿಸಿಕೊಂಡು ಬೆಸೆದಿರುವುದರಿಂದ ಈ ಒಂದು ಪ್ರಕರಣದ ಮಟ್ಟಿಗೆ ಅದನ್ನು ಹೊಸ ತಯಾರಿಕೆಯೆಂದು ಎಣಿಸದೆ ರಿಪೇರಿಯೆಂದೇ ಒಪ್ಪಲಾಗಿತ್ತು. ಆದರೆ ಹಗುರ ಮಾಡಿದ್ದು ರಿಪೇರಿಯಲ್ಲ, ಮಾರ್ಪಾಡು. ಅದಕ್ಕೆ ಪರವಾನಗಿಯಲ್ಲಿ ಅವಕಾಶವಿಲ್ಲ. ಆದುದರಿಂದ ಆರು ತಿಂಗಳು ಪರವಾನಗಿ ಅಮಾನತು. ಅನಂತರ ಮುಂದುವರಿಸಬಹುದು, ಆದರೆ ಪ್ರತಿಯೊಂದು ಕೋವಿಯೂ ಬಂದಾಗ ಕುದುರೆ ಎಷ್ಟು ತೂಕ ತಡೆಯುತ್ತದೆ, ಹೋಗುವಾಗ ಎಷ್ಟು ಎಂಬುದನ್ನು ರಿಜಿಸ್ಟರಿನಲ್ಲಿ ಎರಡು ಕಾಲಂಗಳಲ್ಲಿ ಬರೆಯಬೇಕು. ತಿಮ್ಮಯ್ಯನವರಿಗೆ ಎಚ್ಚರಿಕೆ ಕೊಟ್ಟಿದ್ದರು. ಅವರ ಕೋವಿಯನ್ನು ಮೊದಲಿನ ತೂಕಕ್ಕೆ ತರುವವರೆಗೆ ಅದು ಠಾಣೆಯಲ್ಲಿಯೇ ಇರತಕ್ಕದ್ದು.

ಆ ಆರು ತಿಂಗಳು ಮೋನಪ್ಪಾಚಾರರು ಬೀರುವಿಗೆ ಮೊಹರು ಹಾಕಿಸಿ, ಹಿಂದಿನ ಕುಲುಮೆಯಲ್ಲಿ ಕುಡುಗೋಲು, ಮಚ್ಚು, ಗುದ್ದಲಿ ಮಾಡಿದರು. ರಾಗಿ ಕೊಯ್ಲಿನ ಕಾಲವಾದ್ದರಿಂದ ಕೈತುಂಬ ಕೆಲಸವಿತ್ತು. ಅರಸೀಕೆರೆಯ ರಾಜಶೇಖರ್ ಒಂದು ದಿನ ಬಂದು ಬಾಗಿಲಲ್ಲಿ ನಿಂತು, “ನಂಗೆ ಕಾನೂನು ಹೇಳಿಕೊಟ್ರಿ, ನೀವು ಮರೆತ್ರಿ” ಎಂದರಂತೆ. “ಮರೆತಿದ್ದೆ ಸ್ವಾಮಿ. ಅದಕ್ಕೇ ಆರು ತಿಂಗಳು ಪಾಠ ನಡೀತೈತೆ. ನಿಮ್ಮ ಪೊಟ್ಟಣ ಏನಾಯ್ತು?” ಎಂದು ಇವರು ಕೇಳಿದರು. ವಾಪಸು ಕಳುಹಿಸಿದೆನೆಂದು ಹೇಳಿ ಅವರು ಒಂದು ತೆಂಗಿನಕಾಯಿ ಸುಲಿಯುವ ಕತ್ತಿಗೆ ಹೇಳಿಹೋದರು.

ಇಪ್ಪತ್ತೈದರ ಫೆಬ್ರವರಿಯಲ್ಲಿ ಅಂಗಡಿಯ ಮುಂಬಾಗಿಲು ಮತ್ತೆ ತೆರೆಯಿತು. ಮೊದಲು ಬಂದದ್ದು ತಿಮ್ಮಯ್ಯನವರ ಕೋವಿ. ಠಾಣೆಯ ಪತ್ರ ಹಿಡಿದು ಮಾವ ಸೊಸೆ ಇಬ್ಬರೂ ಬಂದಿದ್ದರು. ನಾನು ಆ ದಿನ ಬೇಲೂರಿನಲ್ಲಿದ್ದೆನಾದ್ದರಿಂದ ಅಲ್ಲಿಯೇ ಕುಳಿತು ನೋಡಿದೆ. ಮೋನಪ್ಪಾಚಾರರು ಕುದುರೆಯನ್ನು ಬಿಚ್ಚಿ ಕಚ್ಚನ್ನು ಆಳ ಮಾಡಿ, ಹದ ಹಾಕಿ, ಕೂರಿಸಿದರು. ಎರಡು ಕಿಲೋ ತೂಗಿಸಿದರು. ಕೀಲೆಳೆದು ನೆಲಕ್ಕೆ ಊರಿದರು, ಒಂದು ಸಲವಲ್ಲ, ಹತ್ತು ಸಲ. ಬಡಿಯಲಿಲ್ಲ.

ತಿಮ್ಮಯ್ಯನವರು ನಡುಬೆರಳಿನಿಂದ ಎಳೆಯಲು ನೋಡಿದರು. ಮುಖ ಕೆಂಪಾಯಿತೇ ಹೊರತು ಕುದುರೆ ಬರಲಿಲ್ಲ. ಕೋವಿಯನ್ನು ಮೇಜಿನ ಮೇಲಿಟ್ಟರು. “ಆಯ್ತು ಬಿಡಿ. ನನ್ನ ಕಾಲ ಮುಗೀತು. ಇವಳ ಹೆಸರಿಗೆ ಅರ್ಜಿ ಹಾಕ್ತೀವಿ. ತರಬೇತಿಗೂ ಹೋಗ್ತಾಳಂತೆ” ಎಂದರು. ಮಗ ಹಾಲಿನ ಡೈರಿಯ ಕೆಲಸಕ್ಕೆ ಹೋಗುವವನು, ಹೊಲ ನೋಡುವವಳು ಸೊಸೆಯೇ.

“ಪರವಾನಗಿ ಬರೋವರೆಗೂ ಇದನ್ನ ಮನೇಲಿ ಮುಟ್ಟಬೇಡವ್ವ. ಇಲ್ಲಿ ನನ್ನ ಮುಂದೆ ಒಂದ್ಸಲ ಎಳೆದು ನೋಡು, ತೋಟಾ ಇಲ್ಲ” ಎಂದರು ಮೋನಪ್ಪಾಚಾರರು.

ಸೌಂದರ್ಯ ಎಳೆದಳು. ಬಂತು, ಆದರೆ ಕಷ್ಟಪಟ್ಟು ಬಂತು. “ಬಿಗಿ ಐತೆ ಆಚಾರ್ರೆ. ನಂಗೂ ಒಂಚೂರು...” ಎಂದು ತೊಡಗಿದಳು.

“ಇಲ್ಲವ್ವ.”

“ಪೂರ್ತಿ ಕೇಳಿ.”

“ಕೇಳಲ್ಲ. ದಿನಾ ನಾಲ್ಕು ಹಸು ಕರೀತೀಯ, ಕೈಗೆ ತಾನೇ ಬಲ ಬತ್ತದೆ.”

ಅವಳು ನಕ್ಕು ಕೋವಿಯನ್ನು ಮೇಜಿನ ಮೇಲಿಟ್ಟಳು. ಮೋನಪ್ಪಾಚಾರರು ಕನ್ನಡಕ ಹಾಕಿಕೊಂಡು ರಿಜಿಸ್ಟರನ್ನು ತೆರೆದರು. ಅಡಿಕೋಲಿಟ್ಟು ಎರಡು ಹೊಸ ಗೆರೆಗಳನ್ನು ಎಳೆದು, ಒಂದು ಕಾಲಂನಲ್ಲಿ ಒಂದು ಕಿಲೋ ಎಂದೂ ಇನ್ನೊಂದರಲ್ಲಿ ಎರಡು ಕಿಲೋ ಎಂದೂ ನಿಧಾನವಾಗಿ ಬರೆದರು. ಬಳಿಕ ಪುಸ್ತಕವನ್ನು ತಿಮ್ಮಯ್ಯನವರ ಕಡೆ ತಿರುಗಿಸಿ, ಸಹಿ ಹಾಕಲು ಪೆನ್ನನ್ನು ಅವರ ಎಡಗೈಗೆ ಕೊಟ್ಟರು.